ಗೋಡೆ ಬಿದ್ದ ಮನೆಯಲ್ಲಿ ಚಿಲಕ ಯಾರದು?

ಕನ್ನಡದಲ್ಲಿ ಮನೆಯೊಳಗಿನ ಕೋಣೆಗಳ ಹೆಸರನ್ನು ಒಮ್ಮೆ ಸಾಲಾಗಿ ಹೇಳಿ ನೋಡಿ: ಅಡುಗೆಮನೆ, ದೇವರಮನೆ, ಬಚ್ಚಲುಮನೆ, ನಡುಮನೆ. ಒಂದು ಮನೆಯ ಹೊಟ್ಟೆಯಲ್ಲಿ ಎಷ್ಟೊಂದು ಮನೆಗಳು! ಚೌಕಾಬಾರ ಆಡುವಾಗ ಕಾಯಿ ಕೂರುವ ಚೌಕವೂ ಮನೆ, ಜಾತಕದಲ್ಲಿ ಗ್ರಹ ಕೂರುವ ಜಾಗವೂ ಮನೆ. ನಮ್ಮ ಭಾಷೆಯ ಮಟ್ಟಿಗೆ ಮನೆಯೆಂದರೆ ಗೆರೆ ಎಳೆದು ಕೊಟ್ಟ ಜಾಗ. ಈ ಕೆಲಸಕ್ಕೆ ಇದು, ಈ ಹೊತ್ತಿಗೆ ಇದು, ಇವರಿಗೆ ಇದು. ಅಂಥ ಹಲವು ಜಾಗಗಳು ಒಂದೇ ಸೂರಿನಡಿ ಕೂಡಿಕೊಂಡರೆ ಅದೂ ಮನೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜಾಹೀರಾತು ಪುಸ್ತಿಕೆಗಳಲ್ಲಿ ಈ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತಿವೆ. ಅಲ್ಲಿ ‘ಓಪನ್ ಪ್ಲಾನ್’ ಎಂಬುದು ಒಂದು ಮಂತ್ರ. ಬಾಗಿಲು ತೆರೆದೊಡನೆ ಕೂರುವ ಜಾಗ, ಅದಕ್ಕೆ ಅಂಟಿಕೊಂಡೇ ಊಟದ ಮೇಜು, ಅದರಾಚೆಗೆ ಗೋಡೆಯಿಲ್ಲದ ಅಡುಗೆ ಕಟ್ಟೆ. ಚಿತ್ರದಲ್ಲಿ ಒಂದು ಪುಟ್ಟ ಸಂಸಾರ ನಗುತ್ತಿರುತ್ತದೆ. ಅಮ್ಮ ತರಕಾರಿ ಹೆಚ್ಚುತ್ತಿದ್ದಾಳೆ, ಅಪ್ಪ ಲ್ಯಾಪ್‌ಟಾಪ್ ಮುಂದಿದ್ದಾನೆ, ಮಗು ನೆಲದ ಮೇಲೆ ಆಡುತ್ತಿದೆ. ಒಗ್ಗರಣೆಯ ಘಾಟು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ. ಇಂಥ ಪುಸ್ತಿಕೆಯನ್ನೂ ಒಂದು ಕೃತಿಯಂತೆ ಓದಬಹುದು. ಅದು ಸಂಸಾರದ ಬಗ್ಗೆ ಒಂದು ಕತೆ ಹೇಳುತ್ತಿದೆ: ಗೋಡೆಗಳು ಜನರನ್ನು ದೂರ ಮಾಡುತ್ತವೆ, ಗೋಡೆ ತೆಗೆದರೆ ಜನ ಹತ್ತಿರವಾಗುತ್ತಾರೆ. ಈ ಕತೆ ನಿಜವೇ? ಮನೆಗಳ ಬಗ್ಗೆ ನಮ್ಮ ಕತೆಗಾರರು ಬಹಳ ಕಾಲದಿಂದ ಬರೆದಿದ್ದಾರೆ. ಅವರನ್ನು ಕೇಳಿ ನೋಡಬಹುದು.

ಅದಕ್ಕೂ ಮೊದಲು ಈ ತೆರೆದ ಮನೆ ಎಲ್ಲಿಂದ ಬಂತು ಎಂದು ನೋಡೋಣ. ಗೋಡೆಯೇ ಮಾಡಿನ ಭಾರ ಹೊರುವ ಕಾಲದಲ್ಲಿ ಒಳಗೋಡೆಗಳನ್ನು ಬೇಕಾದಂತೆ ತೆಗೆದುಹಾಕುವಂತಿರಲಿಲ್ಲ. ಉಕ್ಕು ಮತ್ತು ಕಾಂಕ್ರೀಟಿನ ಕಂಬಗಳು ಆ ಭಾರ ಹೊತ್ತುಕೊಂಡ ಮೇಲೆ ಗೋಡೆ ಬರೀ ತಡಿಕೆಯಾಯಿತು. ಬೇಕಾದರೆ ಇಡಬಹುದು, ಬೇಡವಾದರೆ ಬಿಡಬಹುದು. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಕೂರುವ ಕೋಣೆ, ಉಣ್ಣುವ ಕೋಣೆಗಳನ್ನು ಒಂದರೊಳಗೊಂದು ಹರಿಯಬಿಟ್ಟಿದ್ದ. ಅವನ ಆತ್ಮಕತೆ ಓದಿದ ನ್ಯಾನ್ಸಿ ವಿಲ್ಲಿ ಎಂಬಾಕೆ ಅವನಿಗೆ ಪತ್ರ ಬರೆದು, ನಮಗೊಂದು ಮನೆ ಕಟ್ಟಿಕೊಡಲು ಸಾಧ್ಯವೇ ಎಂದು ಕೇಳಿದಳು. ಹಾಗೆ 1934ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಎದ್ದ ಮನೆಯಲ್ಲಿ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆಯ ಬದಲು ಗಾಜಿನ ಕಪಾಟು ಬಂತು. ತೆರೆದ ಅಡುಗೆಮನೆಯ ಮೊದಲ ಮಾದರಿಗಳಲ್ಲಿ ಅದೂ ಒಂದು. ಪುಸ್ತಕ ಓದಿದವಳೊಬ್ಬಳ ಪತ್ರದಿಂದ ಅದು ಹುಟ್ಟಿತೆಂಬುದು ಓದುಗರಾದ ನಮಗೆ ಹಿತ ಕೊಡುವ ಸಂಗತಿ.

ಇದಕ್ಕೆ ಎಂಟು ವರ್ಷ ಮೊದಲು, 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯೂಟ್ಟೆ-ಲಿಹೊಟ್ಸ್‌ಕಿ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದ್ದಳು. ಕೆಲಸಗಾರರ ವಸತಿಗಳಿಗಾಗಿ ಅವಳು ರೂಪಿಸಿದ್ದು ಪುಟ್ಟದಾದ, ಪ್ರತ್ಯೇಕವಾದ ಅಡುಗೆಮನೆ. ನಡೆಯುವ ಹೆಜ್ಜೆ ಉಳಿಯಬೇಕು, ಕೈಗೆ ಎಲ್ಲ ಎಟುಕಬೇಕು, ಹೆಂಗಸಿನ ಹೊತ್ತು ಉಳಿಯಬೇಕು ಎಂಬುದು ಅವಳ ಲೆಕ್ಕ. ಸುಮಾರು 10,000 ಮನೆಗಳಿಗೆ ಅದು ಹೋಯಿತು. ಮುಂದೆ ಸ್ತ್ರೀವಾದಿಗಳು ಅದನ್ನೇ ಟೀಕಿಸಿದರು: ಒಬ್ಬರೇ ನಿಲ್ಲಬಹುದಾದ ಆ ಕೋಣೆ ಹೆಂಗಸನ್ನು ಮನೆಯ ಉಳಿದವರಿಂದ ಬೇರ್ಪಡಿಸಿತು ಎಂದು. ಹೆಂಗಸಿನ ಅನುಕೂಲಕ್ಕೆಂದೇ ಗೋಡೆ ಕಟ್ಟಿದವರೂ ಇದ್ದರು, ಕೆಡವಿದವರೂ ಇದ್ದರು ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಓಪನ್ ಪ್ಲಾನ್ ಹೊಗಳುವವರು ನಮ್ಮಲ್ಲಿ ಆಗಾಗ ಇನ್ನೊಂದು ಮಾತು ಹೇಳುತ್ತಾರೆ: ‘ಇದು ಹೊಸದೇನಲ್ಲ, ನಮ್ಮ ತೊಟ್ಟಿಮನೆಯೂ ತೆರೆದ ಮನೆಯೇ ಆಗಿತ್ತು.’ ಕೇಳಲು ಚೆಂದ. ಆದರೆ ತೊಟ್ಟಿಮನೆಯಲ್ಲಿ ತೆರೆದಿದ್ದದ್ದು ಆಕಾಶಕ್ಕೆ. ಬಿಸಿಲು, ಮಳೆ, ಗುಬ್ಬಚ್ಚಿಗಳು ಕೇಳದೆ ಒಳಗೆ ಬರುತ್ತಿದ್ದವು. ಮನುಷ್ಯರು ಹಾಗೆ ಬರುವಂತಿರಲಿಲ್ಲ. ಅಂಗಳದಲ್ಲಿ ನಿಲ್ಲುವವರು ಯಾರು, ಜಗಲಿ ಹತ್ತುವವರು ಯಾರು, ನಡುಮನೆಯ ತನಕ ಬರುವವರು ಯಾರು, ಅಡುಗೆಮನೆಯ ಹೊಸ್ತಿಲು ದಾಟುವವರು ಯಾರು ಎಂಬುದಕ್ಕೆಲ್ಲ ಕಟ್ಟುನಿಟ್ಟಿನ ಲೆಕ್ಕವಿತ್ತು. ಕುವೆಂಪು ಅವರ ಮಲೆನಾಡಿನ ಕಾದಂಬರಿಗಳಲ್ಲಿ ಯಾರು ಎಲ್ಲಿ ಕೂತರು, ಯಾರು ಎಲ್ಲಿ ನಿಂತರು ಎಂಬುದನ್ನು ಗಮನಿಸುತ್ತಾ ಹೋದರೆ ಸಾಕು, ಜಾತಿಯ ಇಡೀ ಏಣಿ ಕಣ್ಣಿಗೆ ಕಟ್ಟುತ್ತದೆ. ಮುಟ್ಟಾದ ಹೆಂಗಸು ಹೊರಗೆ, ಬಾಣಂತಿ ಕತ್ತಲ ಕೋಣೆಯಲ್ಲಿ, ವಿಧವೆ ಕಣ್ಣಿಗೆ ಬೀಳದ ಮೂಲೆಯಲ್ಲಿ. ಗೋಡೆಯೇ ಇಲ್ಲದ ಕಡೆಯೂ ಗೆರೆ ಇತ್ತು, ಎಲ್ಲರಿಗೂ ಅದು ಗೊತ್ತಿತ್ತು.

ಯು.ಆರ್. ಅನಂತಮೂರ್ತಿಯವರು ಸಾಹಿತ್ಯದ ಬಗ್ಗೆ ಮಾತಾಡುವಾಗ ಮನೆಯ ಮುಂಭಾಗ ಮತ್ತು ಹಿತ್ತಿಲು ಎಂಬ ರೂಪಕವನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಮುಂದೆ ಗಂಡಸರು, ಅತಿಥಿಗಳು, ಶಾಸ್ತ್ರದ ಮಾತು, ದೊಡ್ಡ ಸಂಗತಿಗಳು. ಹಿತ್ತಿಲಲ್ಲಿ ಹೆಂಗಸರು, ಕೆಲಸಕ್ಕೆ ಬರುವವರು, ಗುಟ್ಟು, ಕತೆ. ಎ.ಕೆ. ರಾಮಾನುಜನ್ ತಮ್ಮ ಮೈಸೂರಿನ ಮನೆಯ ಬಗ್ಗೆ ಬರೆದದ್ದೂ ಇಂಥದೇ: ಮಹಡಿಯ ಮೇಲೆ ಅಪ್ಪನೊಂದಿಗೆ ಇಂಗ್ಲಿಷು, ಕೆಳಗೆ ಅಮ್ಮನ ಅಡುಗೆಮನೆಯಲ್ಲಿ ತಮಿಳು, ಬೀದಿಗಿಳಿದರೆ ಕನ್ನಡ. ಭಾಷೆಗಳಿಗೂ ಒಂದೊಂದು ಕೋಣೆ. ನಮ್ಮ ಇಬ್ಬರು ದೊಡ್ಡ ಲೇಖಕರು ತಮ್ಮ ಕಸುಬಿನ ಮೂಲವನ್ನು ಹೇಳಲು ಮನೆಯ ನಕ್ಷೆಯನ್ನೇ ಬಿಡಿಸಬೇಕಾಯಿತು. ಗೋಡೆಯ ಈಚೆ ಕೂತ ಹುಡುಗನ ಕಿವಿಗೆ ಆಚೆಯ ಮಾತು ಅರ್ಧಂಬರ್ಧ ಬಿದ್ದು, ಉಳಿದರ್ಧವನ್ನು ಅವನು ಕಲ್ಪಿಸಿಕೊಂಡದ್ದರಿಂದಲೇ ಅವನೊಳಗಿನ ಕತೆಗಾರ ಹುಟ್ಟಿದ ಎನ್ನಬಹುದೇನೋ.

ಆದರೆ ಇದನ್ನು ಕೇಳಿ ಗೋಡೆಯ ಮೇಲೆ ಮೋಹ ಪಟ್ಟುಕೊಳ್ಳುವ ಮೊದಲು ಆ ಅಡುಗೆಮನೆಯೊಳಗೆ ಒಂದು ಸಲ ಇಣುಕಬೇಕು. ವೈದೇಹಿಯವರ ಕತೆಗಳನ್ನು ಓದಿದವರಿಗೆ ಅಡುಗೆಮನೆಯ ಎರಡು ಮುಖವೂ ಗೊತ್ತು. ಅಲ್ಲಿ ನಗು, ಚಾಡಿ, ಒಬ್ಬರಿಗೊಬ್ಬರು ಒರಗಿಕೊಳ್ಳುವ ಆಪ್ತತೆ ಎಲ್ಲ ಇದೆ. ಹೊಗೆ, ಕತ್ತಲು, ಮುಗಿಯದ ಕೆಲಸವೂ ಇದೆ. ಮುಂದಿನ ಕೋಣೆಯಲ್ಲಿ ತಮ್ಮ ಬಗ್ಗೆಯೇ ತೀರ್ಮಾನವಾಗುತ್ತಿದ್ದರೂ ಅಲ್ಲಿ ತಮಗೆ ಜಾಗವಿಲ್ಲ ಎಂಬ ತಿಳಿವೂ ಇದೆ. ತೆರೆದ ಅಡುಗೆಮನೆ ಇಂಥ ಗೋಡೆಯನ್ನು ಕೆಡವಿದ್ದರೆ ಅದು ಸಣ್ಣ ಕೆಲಸವಲ್ಲ. ಮಡಿಯ ಹೆಸರಿನಲ್ಲಿ ಕೆಲವರನ್ನು ಹೊರಗಿಟ್ಟ ಹೊಸ್ತಿಲು ಹೋಯಿತು. ಚಪಾತಿ ಲಟ್ಟಿಸುವವಳು ಕೂರುವ ಕೋಣೆಯ ಚರ್ಚೆಗೆ ಅಲ್ಲಿಂದಲೇ ಒಂದು ಮಾತು ಎಸೆಯಬಹುದು. ‘ನೀರು ಕೊಡೇ’ ಎಂದು ಕೂತಲ್ಲಿಂದ ಕೂಗುವ ಗಂಡಸಿಗೆ, ನಾಲ್ಕು ಹೆಜ್ಜೆ ದೂರದಲ್ಲಿ ಎಲ್ಲರ ಕಣ್ಣೆದುರೇ ಇರುವ ಫಿಲ್ಟರು ಸ್ವಲ್ಪ ನಾಚಿಕೆ ತರಿಸಬಹುದು. ಚಿಕ್ಕ ಫ್ಲಾಟಿಗೆ ಬೆಳಕು ಗಾಳಿ ಹೆಚ್ಚು ಸಿಗುತ್ತದೆ. ಹಾಲು ಉಕ್ಕದಂತೆ ಒಂದು ಕಣ್ಣು, ತೆವಳುವ ಮಗುವಿನ ಮೇಲೆ ಇನ್ನೊಂದು ಕಣ್ಣು ಇಡಬಹುದು. ಹಬ್ಬಕ್ಕೆ ಹತ್ತು ಜನ ಬಂದರೆ ಮೇಜು ಸರಿಸಿ ಎಲೆ ಹಾಕಬಹುದು. ಇವೆಲ್ಲ ನಿಜವಾದ ಅನುಕೂಲಗಳು, ಬರೀ ಜಾಹೀರಾತಿನ ಮಾತಲ್ಲ.

ಇನ್ನು ಅನಾನುಕೂಲಗಳು. ಮಿಕ್ಸಿ, ಕುಕ್ಕರಿನ ಸೀಟಿ, ಟೀವಿ, ಫೋನು ಎಲ್ಲ ಒಂದೇ ಗಾಳಿಯಲ್ಲಿ. ಮೆಣಸಿನಕಾಯಿ ಹುರಿದರೆ ಸೋಫಾಕ್ಕೂ ಕೆಮ್ಮು. ಪರೀಕ್ಷೆಗೆ ಓದುವ ಮಗಳು ಮತ್ತು ಕ್ರಿಕೆಟ್ ನೋಡುವ ಅಜ್ಜ ಒಂದೇ ಹಾಲಿನಲ್ಲಿ. ಬೆಲ್ ಆದೊಡನೆ ಸಿಂಕಿನ ಪಾತ್ರೆ ಮುಚ್ಚಿಡುವ ಗಡಿಬಿಡಿ. 2020ರಲ್ಲಿ ಲಾಕ್‌ಡೌನ್ ಆದಾಗ ಕಚೇರಿ, ಶಾಲೆ, ಅಡುಗೆ ಮೂರೂ ಆ ಒಂದೇ ಜಾಗಕ್ಕೆ ಬಂದು ಬಿದ್ದವು. ಬಾಗಿಲಿಗೆ ಬೆಲೆ ಎಷ್ಟೆಂದು ಅನೇಕರಿಗೆ ಆಗ ಗೊತ್ತಾಯಿತು.

ಹೀಗೆ ಎರಡು ಪಟ್ಟಿ ಮಾಡಿ ಕೈತೊಳೆದುಕೊಳ್ಳಬಹುದು. ಆದರೆ ಆ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ: ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಸಂಗತಿ. ‘ಅಡುಗೆ ಮಾಡುತ್ತಾ ಮಗುವನ್ನು ನೋಡಬಹುದು’ ಎಂಬುದು ಅಮ್ಮನ ಅನುಕೂಲ. ಅದೇ ಮಗು ಹದಿನಾರಕ್ಕೆ ಬಂದಾಗ ‘ಸದಾ ನನ್ನನ್ನು ನೋಡುತ್ತಿರುತ್ತಾರೆ’ ಎಂಬುದು ಅದರ ಸಂಕಟ. ‘ಸೊಸೆ ಒಳಗೆ ಒಬ್ಬಳೇ ಆಗುವುದಿಲ್ಲ’ ಎನ್ನುವವರು ಅತ್ತೆ. ‘ಒಂದು ನಿಮಿಷ ಒಬ್ಬಳೇ ಇರಲಾಗುವುದಿಲ್ಲ’ ಎನ್ನುವವಳು ಸೊಸೆ. ಹಾಗಾಗಿ ತೆರೆದ ಮನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ, ಉತ್ತರ ಕೊಡುತ್ತಿರುವವರು ಆ ಮನೆಯಲ್ಲಿ ಎಲ್ಲಿ ನಿಂತಿದ್ದಾರೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಇದನ್ನು ಚೆನ್ನಾಗಿ ಅರಿತ ಎರಡು ಕೃತಿಗಳು ಕನ್ನಡದಲ್ಲಿವೆ.

ಮೊದಲನೆಯದು ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಮನೆಗೆ ಓಪನ್ ಪ್ಲಾನ್ ಎಂಬ ಹೆಸರು ಯಾರೂ ಇಡಲಾರರು. ಅಲ್ಲಿ ಗೋಡೆ ತೆಗೆದವರಿಲ್ಲ, ಕಟ್ಟಿಕೊಳ್ಳುವ ಶಕ್ತಿ ಇರಲಿಲ್ಲ ಅಷ್ಟೆ. ಒಲೆ, ಹಾಸಿಗೆ, ಜಗಳ, ನಗು, ಹಸಿವು ಎಲ್ಲ ಒಂದೆಡೆ. ಇಡೀ ಸಂಸಾರ ರಾತ್ರಿ ಬೆಂಕಿಯ ಸುತ್ತ ಕೂತು ಕದ್ದು ತಂದ ಕಡಲೇಕಾಯಿ ತಿನ್ನುವ ಭಾಗವನ್ನು ಓದಿದವರು ಮರೆಯಲಾರರು. ಕನ್ನಡ ಸಾಹಿತ್ಯದಲ್ಲಿ ಒಂದು ಸಂಸಾರ ಅಷ್ಟು ಒಟ್ಟಾಗಿ, ಅಷ್ಟು ಸಂತೋಷದಿಂದ ಕೂತು ಉಂಡ ಪುಟಗಳು ಬಹಳ ಇಲ್ಲ. ಜಾಹೀರಾತು ಮಾರಲು ಹೊರಟಿರುವ ಆ ‘ಒಟ್ಟಿಗಿರುವ ಸುಖ’ ಇಲ್ಲಿ ಪೂರ್ತಿಯಾಗಿ ಇದೆ. ಬೆಳಗಾದರೆ ಪೊಲೀಸರು ಅದೇ ಮನೆಯೊಳಗೆ ನುಗ್ಗಿ ಹುಡುಕುತ್ತಾರೆ. ಆ ಜನಕ್ಕೆ ತಡೆಯುವ ಬಾಗಿಲಿಲ್ಲ, ಕೇಳುವ ಹಕ್ಕಿಲ್ಲ. ಎಲ್ಲರೂ ಒಂದೇ ಕಡೆ ಇರುವುದು ರಾತ್ರಿ ಸುಖವಾಗಿತ್ತು, ಬೆಳಗ್ಗೆ ಅದೇ ಅವರ ನಿಸ್ಸಹಾಯಕತೆ. ತೆರೆದಿರುವುದು ಆಯ್ಕೆಯಾದಾಗ ಮಾತ್ರ ಐಷಾರಾಮ. ಒಂದೇ ಕೋಣೆಯಲ್ಲಿ ಬದುಕುವ ಲಕ್ಷಾಂತರ ಜನರಿರುವ ನಾಡಿನಲ್ಲಿ ಕೋಣೆ ಕಡಿಮೆಯಿರುವ ಮನೆಯನ್ನು ಹೊಸ ಫ್ಯಾಷನ್ ಎಂದು ಹೆಚ್ಚು ಬೆಲೆಗೆ ಮಾರುವುದರಲ್ಲಿ ಒಂದು ವ್ಯಂಗ್ಯವಿದೆ.

ಎರಡನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಈ ಕಿರುಕಾದಂಬರಿಯನ್ನು ದುಡ್ಡು ಒಂದು ಸಂಸಾರವನ್ನು ಹೇಗೆ ಕೆಡಿಸಿತು ಎಂಬ ಕತೆಯಾಗಿ ಓದುವುದು ರೂಢಿ. ಅದು ಎರಡು ಮನೆಗಳ ಕತೆಯೂ ಹೌದು. ಹಳೆಯ ಮನೆ ರೈಲುಬೋಗಿಗಳಂತೆ ಒಂದರ ಹಿಂದೊಂದು ಸಣ್ಣ ಕೋಣೆಗಳ ಮನೆ. ಅಲ್ಲಿ ಯಾವ ಕೋಣೆಯೂ ಯಾರದ್ದೂ ಅಲ್ಲ, ಎಲ್ಲವೂ ಹಾದುಹೋಗುವ ದಾರಿ. ಅಪ್ಪನ ಸಂಬಳ, ಅಮ್ಮನ ಸಿಟ್ಟು, ಇರುವೆಗಳ ಮೇಲಿನ ಯುದ್ಧ ಎಲ್ಲ ಎಲ್ಲರಿಗೂ ಗೊತ್ತು. ಆ ಇಕ್ಕಟ್ಟಿನಲ್ಲೇ ಅವರು ‘ನಾವು’ ಆಗುತ್ತಾರೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು ದೊಡ್ಡ ಮನೆ ಬಂದಾಗ ಕೋಣೆಗಳೂ ಬಾಗಿಲುಗಳೂ ಬರುತ್ತವೆ. ಆದರೂ ಯಾರೂ ಬಿಡಿ ಮನುಷ್ಯರಾಗುವುದಿಲ್ಲ. ಇಕ್ಕಟ್ಟಿನಲ್ಲಿ ಕಲಿತ ಒಗ್ಗಟ್ಟು ವಿಶಾಲವಾದ ಮನೆಯಲ್ಲಿ ಕೋಟೆಯಾಗುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯ ಹೆಂಗಸರೇ ಸೇರಿ ಅವಮಾನಿಸಿ ಅಟ್ಟುತ್ತಾರೆ. ಸೊಸೆ ಅನಿತಾ ಅದನ್ನು ಪ್ರಶ್ನಿಸಿದಾಗ ಅವಳೂ ಹೊರಗಿನವಳಾಗುತ್ತಾಳೆ.

ವಾಸ್ತುವಿನ ಕಣ್ಣಿನಿಂದ ನೋಡಿದರೆ ಕಾದಂಬರಿಯ ಮಾತು ಇದು: ಗೋಡೆ ಇಟ್ಟರೂ ತೆಗೆದರೂ ಮನೆಯ ನಿಜವಾದ ನಕ್ಷೆ ಯಾರ ದುಡಿಮೆಯ ಮೇಲೆ ಯಾರು ನಿಂತಿದ್ದಾರೆ ಎಂಬುದರಲ್ಲಿದೆ. ಚಿಕ್ಕಪ್ಪ ಯಾವ ಹೊತ್ತಿಗೆ ಬಂದರೂ ಊಟ ಸಿದ್ಧ. ಅವನಿಗೆ ಯಾವ ಕೋಣೆಯಾದರೂ ನಡೆಯುತ್ತದೆ, ಯಾಕೆಂದರೆ ಇಡೀ ಮನೆ ಅವನದೇ. ‘ಘಾಚರ್ ಘೋಚರ್’ ಎಂಬ ಪದ ಕಾದಂಬರಿಯೊಳಗೆ ಬರುವ ರೀತಿಯನ್ನೂ ಗಮನಿಸಬೇಕು. ಅದು ಅನಿತಾಳ ತವರಿನ ಪದ. ಅವಳು, ಅವಳ ತಮ್ಮ, ಅಪ್ಪ ಅಮ್ಮ ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ್ದು. ಅದು ಗಂಡನಿಗೆ ದಾಟುವುದು ಮದುವೆಯ ಹೊಸತರಲ್ಲಿ, ಇಬ್ಬರೇ ಇರುವ ರಾತ್ರಿಯಲ್ಲಿ. ಎಲ್ಲರ ಕಿವಿಗೆ ಬೀಳುವ ಹಾಲಿನಲ್ಲಿ ಅಂಥ ಪದವನ್ನು ಯಾರೂ ಯಾರಿಗೂ ಕೊಡಲಾರರು.

ಕಾದಂಬರಿಯಲ್ಲಿ ಇನ್ನೊಂದು ತೆರೆದ ಜಾಗವಿದೆ, ನಿರೂಪಕ ಹೋಗಿ ಕೂರುವ ಕಾಫಿಹೌಸ್. ಅಲ್ಲಿ ಗೋಡೆಗಳಿಲ್ಲ, ಪಕ್ಕದ ಮೇಜಿನವರ ಜಗಳವೂ ಕೇಳುತ್ತದೆ. ಆದರೂ ಮನೆಯಲ್ಲಿ ಸಿಗದ ಏಕಾಂತ ಅವನಿಗೆ ಸಿಗುವುದು ಅಲ್ಲೇ. ಯಾಕೆ? ಅಲ್ಲಿ ಅವನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ತೆರೆದ ಜಾಗದ ಕಷ್ಟ ಬರೀ ಸದ್ದಿನದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ. ನಮ್ಮನ್ನು ನೋಡುತ್ತಿರುವವರಿಗೆ ನಾವು ಲೆಕ್ಕ ಒಪ್ಪಿಸಬೇಕಾದಾಗಲೇ ಅದು ಕಷ್ಟ. ಆದರೆ ಕಾಫಿಹೌಸಿಗೆ ಎದ್ದುಹೋಗುವ ಸ್ವಾತಂತ್ರ್ಯ ಈ ಗಂಡಸಿಗಿದೆ. ಅವನ ಅಮ್ಮನಿಗಿಲ್ಲ. ಅನಿತಾಳಿಗಿರುವ ಹೊರಬಾಗಿಲು ದೂರದ ತವರು ಮಾತ್ರ. ಇಡೀ ಕತೆ ಅವನ ಕಿವಿಯಿಂದಲೇ ಕೇಳುವುದರಿಂದ ಬಾಗಿಲ ಹಿಂದೆ ಒಬ್ಬಳೇ ಇದ್ದಾಗ ಅನಿತಾ ಏನು ಯೋಚಿಸಿದಳೆಂದು ನಮಗೆ ಕೊನೆಗೂ ತಿಳಿಯುವುದಿಲ್ಲ. ಕಾದಂಬರಿಯ ಭಯ ಹುಟ್ಟುವುದೇ ಆ ಕಾಣದ ಕೋಣೆಯಿಂದ.

ಹೆಂಗಸಿನ ಈ ಕೋಣೆಯ ಪ್ರಶ್ನೆ ಬರಹಗಾರರಿಗೆ ಹಳೆಯದು. ವರ್ಜೀನಿಯಾ ವುಲ್ಫ್ 1929ರಲ್ಲಿ ಬರವಣಿಗೆಗೆ ಬೇಕಾದದ್ದನ್ನು ಲೆಕ್ಕ ಹಾಕಿದಾಗ ವರ್ಷಕ್ಕೆ 500 ಪೌಂಡ್ ಮತ್ತು ಬೀಗವಿರುವ ಸ್ವಂತ ಕೋಣೆ ಎಂದಳು. ಅವಳಿಗೂ ಹಿಂದೆ ಜೇನ್ ಆಸ್ಟಿನ್ ಎಲ್ಲರೂ ಓಡಾಡುವ ಕೂರುವ ಕೋಣೆಯಲ್ಲೇ ಬರೆಯುತ್ತಿದ್ದಳು. ಆ ಕೋಣೆಯ ದಾರಿಯಲ್ಲಿ ಕಿರುಗುಡುವ ಬಾಗಿಲೊಂದಿತ್ತು, ಅದನ್ನು ಸರಿ ಮಾಡಿಸಲು ಅವಳು ಬಿಡುತ್ತಿರಲಿಲ್ಲ, ಯಾರಾದರೂ ಬಂದರೆ ಅದರ ಸದ್ದೇ ಎಚ್ಚರಿಕೆ ಎಂದು ಅವಳ ಅಣ್ಣನ ಮಗ ಬರೆದ ನೆನಪಿನ ಪುಸ್ತಕದಲ್ಲಿದೆ. ಓಪನ್ ಪ್ಲಾನ್ ಮನೆಯಲ್ಲಿ ಕಿರುಗುಡಲು ಬಾಗಿಲೇ ಇಲ್ಲ.

ತೆರೆದ ಮನೆಯನ್ನು ಅದರ ತುತ್ತತುದಿಗೆ ಕೊಂಡೊಯ್ದವನು ಮೀಸ್ ವಾನ್ ಡರ್ ರೋಹ. ಚಿಕಾಗೋದ ವೈದ್ಯೆ ಎಡಿತ್ ಫಾರ್ನ್ಸ್‌ವರ್ತ್‌ಗಾಗಿ ಇಲಿನಾಯ್‌ನ ನದಿ ದಂಡೆಯಲ್ಲಿ ಅವನು ಕಟ್ಟಿದ ಮನೆ 1951ರಲ್ಲಿ ಮುಗಿಯಿತು. ಸುತ್ತ ಗಾಜು, ಒಳಗೆ ಒಂದೇ ಕೋಣೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಅದನ್ನು ತೀರ್ಥಕ್ಷೇತ್ರದಂತೆ ನೋಡಲು ಹೋಗುತ್ತಾರೆ. ಅದರಲ್ಲಿ ವಾಸಿಸಬೇಕಾದ ಎಡಿತ್‌ಗೆ ಮಾತ್ರ ಸದಾ ಯಾರದೋ ಕಣ್ಣಿನೆದುರು ಇದ್ದಂತಾಗುತ್ತಿತ್ತು. ಖರ್ಚಿನ ವಿಷಯಕ್ಕೆ ಇಬ್ಬರೂ ಕೋರ್ಟು ಹತ್ತಿದರು. ಮುಂದೆ ಆಕೆ ಆ ಮನೆ ಮಾರಿ ಇಟಲಿಗೆ ಹೋಗಿ ಅಲ್ಲಿನ ಕವಿಗಳನ್ನು ಇಂಗ್ಲಿಷಿಗೆ ತಂದಳು. ಮನೆ ನೋಡಲು ಬಂದವರಿಗೆ ಅದು ಕಾವ್ಯವಾಗಿತ್ತು. ಒಳಗಿದ್ದವಳು ಕಾವ್ಯವನ್ನು ಹುಡುಕಿಕೊಂಡು ಬೇರೆ ಕಡೆ ಹೋಗಬೇಕಾಯಿತು.

ಮತ್ತೆ ಬೆಂಗಳೂರಿನ ಫ್ಲಾಟಿಗೆ ಬರೋಣ. ಅಡುಗೆಮನೆಯ ಮುಂದಿನ ಗೋಡೆ ಬಿತ್ತು, ನಿಜ. ಆದರೆ ಅದರ ಹಿಂದೆ ‘ಯುಟಿಲಿಟಿ’ ಎಂಬ ಕಿರಿದಾದ ಜಾಗವಿರುತ್ತದೆ. ಅದಕ್ಕೆ ಬಾಗಿಲಿದೆ. ಪಾತ್ರೆ ತೊಳೆಯುವ ಸಿಂಕು, ವಾಷಿಂಗ್ ಮಷೀನು, ಪೊರಕೆ, ಬಕೆಟ್ಟು, ಕಸದ ಡಬ್ಬಿ ಎಲ್ಲ ಅಲ್ಲಿ. ಮನೆಗೆಲಸಕ್ಕೆ ಬರುವಾಕೆ ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ. ಕೆಲವು ದುಬಾರಿ ಫ್ಲಾಟುಗಳಲ್ಲಿ ಕೆಲಸದವರಿಗೆ ಬೇರೆ ಬಾಗಿಲು, ಬೇರೆ ಲಿಫ್ಟು. ಅನಂತಮೂರ್ತಿಯವರ ಹಿತ್ತಿಲು ಎಲ್ಲಿಯೂ ಹೋಗಿಲ್ಲ, ಏಳನೆಯ ಮಹಡಿಗೆ ಹತ್ತಿದೆ ಅಷ್ಟೆ. ಆ ಹಿತ್ತಿಲಿನಲ್ಲಿ ಹೆಂಗಸರು ಕೂತು ಮಾತಾಡುತ್ತಿದ್ದರು. ಈ ಯುಟಿಲಿಟಿಯಲ್ಲಿ ಒಬ್ಬಾಕೆ ಒಬ್ಬಳೇ ನಿಂತಿರುತ್ತಾಳೆ. ಹಾಲಿನಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತದೆ ಎನ್ನುವ ಮನೆಯಲ್ಲಿ ಕಾಣದಿರುವುದು ಅವಳೊಬ್ಬಳೇ. ನಮ್ಮ ಹೊಸ ತಲೆಮಾರಿನ ಕತೆಗಾರರು ಈ ಎರಡೂವರೆ ಅಡಿ ಅಗಲದ ಜಾಗಕ್ಕೆ ಇನ್ನೂ ಹೆಚ್ಚು ಹೊಗಬೇಕಾಗಿದೆ.

ಗೋಡೆ ಬಿದ್ದ ಹಾಲಿನಲ್ಲೂ ಜನ ಗೋಡೆ ಕಟ್ಟಿಕೊಳ್ಳುತ್ತಾರೆ, ಇಯರ್‌ಫೋನಿನಿಂದ, ಮೊಬೈಲಿನಿಂದ, ಮೌನದಿಂದ. ಒಂದೇ ಸೋಫಾದಲ್ಲಿ ಕೂತ ನಾಲ್ವರು ನಾಲ್ಕು ಕೋಣೆಯಲ್ಲಿರುತ್ತಾರೆ. ಅದನ್ನು ಕಂಡು ಕಾಲ ಕೆಟ್ಟಿತು ಎಂದು ಕೊರಗಬೇಕಾಗಿಲ್ಲ. ಮನುಷ್ಯರಿಗೆ ಒಟ್ಟಿಗಿರುವುದೂ ಬೇಕು, ಅಡಗಿಕೊಳ್ಳುವುದೂ ಬೇಕು. ಇಟ್ಟಿಗೆಯ ಗೋಡೆ ಕೊಡದಿದ್ದರೆ ಬೇರೆ ಯಾವುದರಿಂದಲೋ ಅದನ್ನು ಕಟ್ಟಿಕೊಳ್ಳುತ್ತಾರೆ.

ಹಾಗಾದರೆ ತೆರೆದ ಮನೆ ಬೇಕೆ, ಬೇಡವೆ? ಕೂರುವ, ಉಣ್ಣುವ, ಅಡುಗೆ ಮಾಡುವ ಜಾಗಗಳು ಒಂದಾಗಲಿ. ಅಡುಗೆಮನೆಯ ಗೋಡೆ ಬೀಳುವುದರಲ್ಲಿ ಕಳೆದುಕೊಳ್ಳುವುದಕ್ಕಿಂತ ಪಡೆದುಕೊಳ್ಳುವುದೇ ಹೆಚ್ಚು. ಘಾಟಿಗೆ ಒಂದು ಸರಿಯುವ ಗಾಜಿನ ಬಾಗಿಲು ಸಾಕು. ಆದರೆ ಅದೇ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆಯಾದರೂ ಇರಬೇಕು. ಸಣ್ಣದಾದರೂ ಚಿಂತೆಯಿಲ್ಲ. ಅದು ಯಜಮಾನನ ಆಫೀಸು ಕೋಣೆಯಾಗಬಾರದು. ಮನೆಯಲ್ಲಿ ಯಾರ ಮಾತಿಗೆ ಎಲ್ಲಕ್ಕಿಂತ ಕಡಿಮೆ ಬೆಲೆಯಿದೆಯೋ, ಅಂದರೆ ಸೊಸೆಗೆ, ಹದಿಹರೆಯದ ಮಗಳಿಗೆ, ಮುದಿ ಅತ್ತೆಗೆ, ಆ ಚಿಲಕದ ಮೇಲೆ ಮೊದಲ ಹಕ್ಕಿರಬೇಕು. ಬಾಗಿಲು ಹಾಕಿಕೊಂಡದ್ದಕ್ಕೆ ಯಾಕೆಂದು ಅವರನ್ನು ಯಾರೂ ಕೇಳಬಾರದು.

ವಿದ್ಯಾರ್ಥಿಗಳಾಗಿರುವ ಓದುಗರಿಗೆ ಒಂದು ಸಣ್ಣ ಅಭ್ಯಾಸ ಸೂಚಿಸಬಹುದು. ಮುಂದಿನ ಕಾದಂಬರಿ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಅದರಲ್ಲಿ ಬರುವ ಮನೆಯ ನಕ್ಷೆ ಬಿಡಿಸಿ. ಯಾರ ಮಾತು ಯಾವ ಕೋಣೆಯಿಂದ ಕೇಳುತ್ತಿದೆ, ಯಾರಿಗೆ ಮುಚ್ಚಿಕೊಳ್ಳಲು ಬಾಗಿಲಿದೆ, ಯಾರು ಯಾವತ್ತೂ ದಾರಿಯಲ್ಲೇ ನಿಂತಿದ್ದಾರೆ ಎಂದು ಗುರುತು ಹಾಕಿ. ಅದಾದ ಮೇಲೆ ಅಪಾರ್ಟ್‌ಮೆಂಟಿನ ಜಾಹೀರಾತು ಕೈಗೆ ಬಂದರೆ ಅದರ ನಕ್ಷೆಯನ್ನೂ ಇದೇ ಪ್ರಶ್ನೆಗಳನ್ನಿಟ್ಟುಕೊಂಡು ಓದಬಹುದು.